ಮುಸುರಿ ಮೀಮಾಂಸೆ: ಕನ್ನೊಳ್ಳಿಯ ಮನೆಯೂಟಗಳನ್ನು ಕುರಿತ ಸಂಶೋಧನ ಪ್ರಬಂಧ

ಅಧ್ಯಾಯ 1: ಪೀಠಿಕೆ

ನಮ್ಮ ವಿದ್ವಾಂಸರು ಊಟದ ಬಗ್ಗೆ ಬರೆದಿದ್ದಾರೆ, ಉಪವಾಸದ ಬಗ್ಗೆಯೂ ಬರೆದಿದ್ದಾರೆ. ಊಟ ಮುಗಿದ ಮೇಲೆ ಬಚ್ಚಲಲ್ಲಿ ಬಿದ್ದಿರುವ ಪಾತೇಲಿಗೆ ಮಾತ್ರ ಯಾರೂ ಕೈ ಹಾಕಿಲ್ಲ. ಈ ಕೊರತೆ ನೀಗಲೆಂದೇ ಪ್ರಸ್ತುತ ಪ್ರಬಂಧ.

ಅಧ್ಯಯನಕ್ಕೆ ಆರಿಸಿಕೊಂಡ ಕ್ಷೇತ್ರ ಸಿಂದಗಿ ತಾಲ್ಲೂಕಿನ ಕನ್ನೊಳ್ಳಿ. ಕುಬಸ, ತೊಟ್ಟಿಲು, ಜವಳ, ಮನಿಶಾಂತಿ ಎಂದು ಮನೆಯಲ್ಲೇ ಊಟ ಹಾಕುವುದಕ್ಕೆ ಇಲ್ಲಿ ನೆಪಗಳ ಬರವಿಲ್ಲ. ಬರ ಇರುವುದು ನೀರಿಗೆ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಕಾಣುವ ಜಿಲ್ಲೆಯಲ್ಲಿ ಓಣಿಗೆ ಓಣಿಯೇ ಉಂಡ ತಾಟುಗಳನ್ನು ತೊಳೆಯುವುದು ಒಂದು ನೀರಾವರಿ ಯೋಜನೆಯೇ ಸರಿ.

ಅಧ್ಯಯನದ ವಿಧಾನ: ಸಂಶೋಧಕನು ಪಡಸಾಲೆಯಲ್ಲಿ ಲೋಡಿಗೆ ಒರಗಿ, ಎಲೆ-ಅಡಕೆ ಮೆಲ್ಲುತ್ತ ಮಾಹಿತಿ ಸಂಗ್ರಹಿಸಿದ್ದಾನೆ. ಬಚ್ಚಲಿನ ಹತ್ತಿರ ಸುಳಿದರೆ ವಸ್ತುನಿಷ್ಠತೆ ಕೆಡುವ ಭಯವಿದ್ದುದರಿಂದ ಆ ಕಡೆ ಹೋಗಿಲ್ಲ.

ಅಧ್ಯಾಯ 2: ವರ್ಗೀಕರಣ

ಮುಸುರಿ ಮೂರು ಗುಣದ್ದು. ಕಡಕ್ ರೊಟ್ಟಿ, ಶೇಂಗಾ ಹಿಂಡಿ ಉಂಡ ತಾಟು ಸಾತ್ವಿಕ. ಒಂದು ಸಲ ಕೈಯಾಡಿಸಿದರೆ ಮುಗಿಯಿತು. ಎಣ್ಣೆಗಾಯಿ ಬದನೆಯ ಕೆಂಪೆಣ್ಣೆ ಹತ್ತಿದ ತಾಟು ರಾಜಸ, ತಿಕ್ಕಿದಷ್ಟೂ ಮೆರೆಯುತ್ತದೆ. ಹೂರಣ ತಳ ಹಿಡಿದ ಪಾತೇಲಿ ತಾಮಸ. ಅದಕ್ಕೆ ಮೋಕ್ಷ ಮರುದಿನವೇ.

ಇದರಿಂದ ಮೊದಲನೆಯ ಪ್ರಮೇಯ: ಮುಸುರಿಯ ಹಣೆಬರಹ ನಿರ್ಧಾರವಾಗುವುದು ಒಲೆಯ ಮೇಲೆ. ಎಳ್ಳಮಾಸಿಯ ದಿನ ಹೊಲದಲ್ಲಿ ಚರಗ ಚೆಲ್ಲಿ, ಅಂಗೈ ಮೇಲೆ ರೊಟ್ಟಿ, ರೊಟ್ಟಿಯ ಮೇಲೆ ಪಲ್ಯ ಇಟ್ಟುಕೊಂಡು ಉಣ್ಣುವವರನ್ನು ನೋಡಿ. ಕಡೆಗೆ ತಾಟನ್ನೂ ತಿಂದಿರುತ್ತಾರೆ. ತೊಳೆಯಲು ಉಳಿಯುವುದು ಕೈ ಒಂದೇ.

ಎರಡನೆಯ ಪ್ರಮೇಯ: “ನಾಕ ಮಂದಿ ಅಷ್ಟ ಅದಾರ್ರಿ” ಎಂದು ಮನೆಯ ಯಜಮಾನ ಹೇಳಿದಾಗ ಆ ನಾಲ್ಕಕ್ಕೆ ಗಣಿತಶಾಸ್ತ್ರದಲ್ಲಿ ಆಧಾರವಿಲ್ಲ.

ಅಧ್ಯಾಯ 3: ಪೂರ್ವಪಕ್ಷಗಳು ಮತ್ತು ಖಂಡನೆ

ಬಿಸಾಡುವವರ ಪಂಥ. ಥರ್ಮಾಕೋಲ್ ತಾಟು, ಪ್ಲಾಸ್ಟಿಕ್ ಗ್ಲಾಸು ತಂದರೆ ತೊಳೆಯುವ ಮಾತೇ ಇಲ್ಲ ಎಂಬುದು ಇವರ ವಾದ. ಕರ್ನಾಟಕ ಸರ್ಕಾರ ಇವನ್ನು 2016ರ ಮಾರ್ಚಿನಲ್ಲೇ ನಿಷೇಧಿಸಿದೆ; 2022ರ ಜುಲೈ 1ರಿಂದ ದೇಶಕ್ಕೆಲ್ಲ ನಿಷೇಧ ಬಂತು. ಆದರೆ ಎರಿ ಹೊಲದ ಮೇಲೆ ಬೀಸುವ ಗಾಳಿಗೆ ಅಧಿಸೂಚನೆ ತಲುಪಿಲ್ಲ. ಊಟದ ಮರುದಿನ ತಾಟುಗಳೆಲ್ಲ ಜಾಲಿಕಂಟಿಯಲ್ಲಿ ಹೂಬಿಟ್ಟಿರುತ್ತವೆ. ಕಸ ಹೋಗಲಿಲ್ಲ, ವಿಳಾಸ ಬದಲಿಸಿತು.

ಯಂತ್ರವಾದಿಗಳು. ಅಮೆರಿಕದ ಜೋಸೆಫಿನ್ ಕಾಕ್ರೇನ್ ಎಂಬಾಕೆ 1886ರಲ್ಲಿ ಪಾತ್ರೆ ತೊಳೆಯುವ ಯಂತ್ರಕ್ಕೆ ಪೇಟೆಂಟ್ ಪಡೆದಳು. ಆಕೆಯೂ ಮನೆಯಲ್ಲಿ ಊಟ ಹಾಕಿಸುವ ಹುಮ್ಮಸ್ಸಿನವಳೇ. ಆಳುಗಳ ಕೈಯಲ್ಲಿ ಪಿಂಗಾಣಿ ಚೂರಾಗುತ್ತದೆ ಎಂಬ ಸಂಕಟಕ್ಕೆ ಈ ಉಪಾಯ ಹೂಡಿದಳು. 1893ರ ಶಿಕಾಗೋ ವಸ್ತುಪ್ರದರ್ಶನದಲ್ಲಿ ಯಂತ್ರ ಮೆರೆಯಿತು. ಆದರೆ ಕನ್ನೊಳ್ಳಿಯ ಪಾತೇಲಿಯನ್ನು ಆ ಯಂತ್ರದೊಳಗೆ ಇಡಲಾಗದು. ಬೇಕಾದರೆ ಯಂತ್ರವನ್ನು ಪಾತೇಲಿಯೊಳಗೆ ಇಡಬಹುದು.

ಪತ್ರಾವಳಿವಾದಿಗಳು. ಮುತ್ತುಗದೆಲೆಗೆ ಕಡ್ಡಿ ಚುಚ್ಚಿದ ಪತ್ರಾವಳಿ ಉತ್ತಮ. ಉಂಡ ಮೇಲೆ ತಿಪ್ಪೆಗೆ ಹೋಗಿ ಗೊಬ್ಬರವಾಗುತ್ತದೆ. ಕಟ್ಟಿನ ಸಾರಿಗೆ ಮಾತ್ರ ಅದು ಕೆರೆಯಲ್ಲ, ಕಾಲುವೆ. ಸಾರಿಗೆ ವಾಟಗ ಬೇಕು. ವಾಟಗ ಬಂತೆಂದರೆ ಮುಸುರಿ ಬಂತು.

ರಸಾಯನವಾದಿಗಳು. ಇವರ ವಾದ ಗಟ್ಟಿ. ಕಟ್ಟಿಗೆ, ಕುಳ್ಳಿನ ಬೂದಿಯಲ್ಲಿ ಕ್ಷಾರವಿದೆ. ಅದು ಜಿಡ್ಡಿನೊಡನೆ ಸೇರಿದರೆ ಅಲ್ಲೇ ಸಾಬೂನು ಹುಟ್ಟುತ್ತದೆ. ಗ್ಯಾಸ್ ಬಂದ ಮೇಲೆ ಮನೆಯಲ್ಲಿ ಬೂದಿ ತುಟ್ಟಿಯಾಯಿತು. ಆದರೂ ದೊಡ್ಡ ಊಟದ ಅಡುಗೆ ಅಂಗಳದ ಕಲ್ಲೊಲೆಯ ಮೇಲೆ ಆಗುವಲ್ಲಿ ಪಾತ್ರೆಯನ್ನು ಹೊಲಸು ಮಾಡುವ ಒಲೆಯೇ ತಿಕ್ಕುವ ಪುಡಿಯನ್ನೂ ಒದಗಿಸುತ್ತದೆ. ಇನ್ನು ಹಿತ್ತಾಳೆ, ತಾಮ್ರದ ಕಿಲುಬಿಗೆ ಲಿಂಬೆಯ ಹುಳಿ. ಲಿಂಬೆ ಅಭಿವೃದ್ಧಿ ಮಂಡಳಿ ಇರುವುದು ನೆರೆಯ ಇಂಡಿಯಲ್ಲಿ. ಪಾನಕಕ್ಕೆ ಹಿಂಡಿ ಉಳಿದ ಸಿಪ್ಪೆಯನ್ನು ಚೆಲ್ಲದೆ ಚರಿಗೆಗೆ ತಿಕ್ಕಿದರೆ ಮಂಡಳಿಗೂ ಸಂತೋಷ. ಆದರೆ ಬೂದಿ ತಾನಾಗಿ ತಿಕ್ಕುವುದಿಲ್ಲ, ಲಿಂಬೆಗೂ ಕೈಯಿಲ್ಲ. ಈ ಪಂಥ ಸೋಲುವುದು ಇಲ್ಲಿ.

ಅಧ್ಯಾಯ 4: ಶಾಸನಾಧಾರ

ಹಾಗಾದರೆ ತಿಕ್ಕುವ ಕೈ ಯಾರದು? ಇಲ್ಲಿ ಶಾಸನಶಾಸ್ತ್ರ ನೆರವಿಗೆ ಬರುತ್ತದೆ. ಓಣಿಯಲ್ಲಿ ಕಡ ತಂದ ಪಾತ್ರೆಗಳು ಅದಲುಬದಲಾಗದಿರಲೆಂದು ಪ್ರತಿಯೊಂದರ ಕಂಠದಲ್ಲಿ ಒಂದು ಹೆಸರು ಕೆತ್ತಿರುತ್ತದೆ. ಸಂಶೋಧಕನ ಕಣ್ಣಿಗೆ ಬಿದ್ದ ಶಾಸನಗಳಲ್ಲೆಲ್ಲ ಇದ್ದದ್ದು ಕಾಕಾಗಳ ಹೆಸರು. ತಿಕ್ಕುತ್ತ ಕೂತವರು ಕಾಕುಗಳು. ಸಾವಿರ ವರ್ಷದ ನಂತರ ಈ ಪಾತೇಲಿ ಅಗೆತದಲ್ಲಿ ಸಿಕ್ಕರೆ ಇತಿಹಾಸಕಾರರು ಏನು ಬರೆದಾರು ಎಂದು ನೆನೆದರೆ ಗಾಬರಿಯಾಗುತ್ತದೆ.

ಅಧ್ಯಾಯ 5: ಸಿದ್ಧಾಂತ

ಪರಿಹಾರ ಈ ಸೀಮೆಯಲ್ಲೇ ಇದೆ. ಬಸವಣ್ಣನವರ ಬಸವನಬಾಗೇವಾಡಿ ಇದೇ ಜಿಲ್ಲೆಯದು. ಕಾಯಕ, ದಾಸೋಹಗಳನ್ನು ಶರಣರು ಜೋಡಿಯಾಗಿ ಇಟ್ಟದ್ದು ಹನ್ನೆರಡನೆಯ ಶತಮಾನದಲ್ಲಿ. ಇಂದಿಗೂ ಮಠದ ದಾಸೋಹದಲ್ಲಿ ಕೂತ ಹಿರಿಯರು ಅಗುಳು ಬಿಡದೆ ಉಂಡು, ತಾಟಿಗೆ ಗುಟುಕು ನೀರು ಹಾಕಿ ಬೆರಳಾಡಿಸಿ, ಆ ನೀರನ್ನೂ ಕುಡಿಯುತ್ತಾರೆ. ಪ್ರಸಾದ ಕೆಡಿಸಬಾರದು. ಅರ್ಧ ತೊಳೆದಂತಾದ ತಾಟು ಆಮೇಲೆ ಬಚ್ಚಲಿಗೆ ಹೋಗುತ್ತದೆ.

ಅದೇ ಹಿರಿಯರು ಬೀಗರ ಮನೆಯಲ್ಲಿ ಅರ್ಧ ಹೋಳಿಗೆ ಬಿಟ್ಟು ಏಳುತ್ತಾರೆ! ಮಠದಲ್ಲಿ ಪ್ರಸಾದವಾದದ್ದು ಮನೆಯಲ್ಲಿ ಎಂಜಲಾಗುವುದು ಹೇಗೆ? ತಪ್ಪು ಅವರೊಬ್ಬರದಲ್ಲ. ಎರಡೂ ಕೈಯಿಂದ ತಾಟು ಮುಚ್ಚಿಕೊಂಡರೂ “ನನ್ನ ಆಣಿ ಅದ ನೋಡ್ರಿ, ಇನ್ನೊಂದ ಹೋಳಿಗಿ” ಎಂದು ಬೆರಳ ಸಂದಿಯಲ್ಲಿ ತುರುಕುವ ಬಡಸಾಟವೂ ಮುಸುರಿಯ ಮೂಲಧಾತು. ಆಣೆ ನಿಂತರೆ ಎಂಜಲು ನಿಲ್ಲುತ್ತದೆ.

ಸಿದ್ಧಾಂತದ ಪ್ರಾಯೋಗಿಕ ಸೂತ್ರಗಳು: ಪಾತೇಲಿ ಬರಿದಾದೊಡನೆ ಅದರೊಳಗೆ ನೀರು ಬೀಳಬೇಕು, ಒಣಗಿದ ಮೇಲೆ ಸುರಿದರೆ ದುಪ್ಪಟ್ಟು ನೀರು. ಕೈತೊಳೆಯುವ ಜಾಗದಲ್ಲೇ ಎಂಜಲಿಗೊಂದು, ತಾಟಿಗೊಂದು, ವಾಟಗಕ್ಕೊಂದು ಬುಟ್ಟಿ ಇಡಬೇಕು. ಅನ್ನ, ರೊಟ್ಟಿಯ ಚೂರು ಎಮ್ಮೆಯ ಬಾನಿಗೆ. ತೊಳೆಯಲು ಮೂರು ಬೋಗುಣಿ: ನೆನೆಸಲು, ತಿಕ್ಕಲು, ಗಲಬರಿಸಲು. ಗಲಬರಿಸಿದ ನೀರೇ ಮುಂದಿನ ಸರದಿಯಲ್ಲಿ ನೆನೆಸುವ ನೀರಾಗಬೇಕು.

ಅಧ್ಯಾಯ 6: ಆಕ್ಷೇಪ ಮತ್ತು ತೀರ್ಪು

ಈ ಸೂತ್ರಗಳನ್ನು ಪಡಸಾಲೆಯಿಂದಲೇ ಕೂಗಿ ಹೇಳಿದಾಗ, ಸೆರಗು ಸಿಗಿಸಿಕೊಂಡು ಕೂತಿದ್ದ ಆ ಮನೆಯ ಸೊಸೆ ತಲೆ ಎತ್ತದೆ ಅಂದಳು: “ಸರ, ಬುಟ್ಟಿ ನಾವ ಇಡ್ತೀವ್ರಿ. ನೀವ ಒಂದೀಟ ಎದ್ದ ಬರ್ರಿ, ಭಾಳ ಸರಳ ಆಗ್ತದ.”

ಈ ಹೇಳಿಕೆಗೆ ಅಡಿಟಿಪ್ಪಣಿಯಿಲ್ಲ, ಆಕರಸೂಚಿಯಿಲ್ಲ. ಆದ್ದರಿಂದ ವಿದ್ವತ್ ವಲಯ ಇದನ್ನು ಒಪ್ಪಲಾರದು. ಆದರೆ ಲೆಕ್ಕ ಹಾಕಿದರೆ ಖಂಡಿಸಲೂ ಆಗದು. ಐವತ್ತು ಮಂದಿ ಉಂಡ ತಾಟುಗಳನ್ನು ಇಬ್ಬರು ತೊಳೆದರೆ ತಲೆಗೆ ಇಪ್ಪತ್ತೈದು. ಉಂಡವರೇ ತೊಳೆದರೆ ತಲೆಗೆ ಒಂದು. ಇದಕ್ಕಿಂತ ಅಗ್ಗದ ಯಂತ್ರವನ್ನು ಕಾಕ್ರೇನಮ್ಮನೂ ಕಂಡುಹಿಡಿಯಲಿಲ್ಲ.

ಆದುದರಿಂದ ಓದುಗ ಮಹಾಶಯರಲ್ಲಿ ವಿನಂತಿ: ಮುಂದಿನ ಕುಬಸಕ್ಕೋ ಜವಳಕ್ಕೋ ಹೋದಾಗ ಹಾಕಿಸಿಕೊಂಡದ್ದನ್ನು ಉಂಡು, ಉಂಡ ತಾಟನ್ನು ತೊಳೆದಿಟ್ಟು, ಆಮೇಲೆ ಎಲೆ-ಅಡಕೆಗೆ ಕೈ ಚಾಚಿರಿ. ಗಂಡಸರಿಗೆ, ಬೀಗರಿಗೆ, ಸಂಶೋಧಕರಿಗೆ ವಿನಾಯಿತಿ ಇಲ್ಲ.