ನಾಲ್ಕು ಗಂಟೆಯ ಬೀಳ್ಕೊಡುಗೆ

ತಾಂಜಾನಿಯಾದ ಮೋಶಿಯಲ್ಲಿ ಸಂಬಳವಿಲ್ಲದ ಮೇಷ್ಟ್ರಾಗಿ ನನ್ನದು ಕಡೇ ವಾರ. ಮೋಡದ ಮುಸುಕು ಹೊದ್ದೇ ಇರುತ್ತಿದ್ದ 5,895 ಮೀಟರಿನ ಕಿಲಿಮಂಜಾರೊ, ನಾನು ಪೆಟ್ಟಿಗೆ ಕಟ್ಟಲು ಕೂತಾಗ ಮುಖ ತೋರಿಸಿತು. ಇದ್ದಾಗ ಮಾತಾಡಿಸದ ನೆಂಟರ ಹಾಗೆ!

"ಮ್ವಾಲಿಮು, ಬೀಳ್ಕೊಡುಗೆ ಸಾ ನ್ನೆಗೆ," ಎಂದರು ಹೆಡ್‌ಮಾಸ್ಟರು. ಮ್ವಾಲಿಮು ಅಂದರೆ ಮೇಷ್ಟ್ರು, ಸಾ ನ್ನೆ ಅಂದರೆ ನಾಲ್ಕು ಗಂಟೆ. ಉಂಡು, ಸಣ್ಣ ನಿದ್ದೆ ತೆಗೆದು, ಇಸ್ತ್ರಿ ಶರ್ಟು ಹಾಕಿ ಹೋದೆ. ಸ್ವಾಹಿಲಿ ಗಡಿಯಾರ ಸೂರ್ಯ ಹುಟ್ಟಿದಲ್ಲಿಂದ ಎಣಿಸುತ್ತದೆ; ಅವರ ನಾಲ್ಕು ನಮ್ಮ ಬೆಳಗಿನ ಹತ್ತು! ಶಾಲೆಯ ಗಂಟೆ ನಂಬಿ ಬದುಕಿದವನಿಗೆ ಇದೆಲ್ಲಿ ತಲೆಗೆ ಹತ್ತೀತು?

ಮಕ್ಕಳು ಕಾದೇ ಇದ್ದರು. ಉಗಾಲಿ ಎಂಬ ಮೆಕ್ಕೆಜೋಳದ ಮುದ್ದೆ ಆರಿ ಇಟ್ಟಿಗೆಯಾಗಿತ್ತು. "ಶಿಕಮೋ!" ಎಂದು ಒಕ್ಕೊರಲಲ್ಲಿ ನಮಸ್ಕರಿಸಿ, ಕಾಲು ಕಟ್ಟಿದ ಜೀವಂತ ಕೋಳಿಯೊಂದನ್ನು ಕೈಗಿತ್ತರು. ವಿಮಾನಕ್ಕೆ ಮೂರೇ ದಿನ. ಬೆಳಗ್ಗೆ ನೋಡಿದರೆ ಮಂಚದಡಿ ಮೊಟ್ಟೆ.