ಕಟಾಫ್ ಮಾವ

ನೀಟ್ ಫಲಿತಾಂಶ ಬಂದ ಸಂಜೆ ಹಾಸನದ ಕಡೆಯ ದುದ್ದದಲ್ಲಿ, ಪರೀಕ್ಷೆ ಬರೆದ ಹುಡುಗಿಯ ಮನೆಗೆ ಮೊದಲು ಕಾಲಿಡುವವರು ಕಟಾಫ್ ಮಾವ. ಯಾರೂ ಹೇಳಿಕಳಿಸಿರುವುದಿಲ್ಲ. ಕಂಕುಳಲ್ಲಿ ಪ್ಲಾಸ್ಟಿಕ್ ಫೈಲು, ಫೈಲಿನಲ್ಲಿ ಹಿಂದಿನ ವರ್ಷಗಳ ಸೀಟು ಹಂಚಿಕೆಯ ಜೆರಾಕ್ಸು, ಜೇಬಿನಲ್ಲಿ ಒಂದು ಕೆಂಪು ಪೆನ್ನು, ಒಂದು ನೀಲಿ ಪೆನ್ನು. ಕಾಫಿ ಲೋಟ ಕೈಗೆ ಬರುವ ಮೊದಲೇ "ಎಷ್ಟವ್ವಾ ಬಂತು?" ಎಂದು ಕೇಳುತ್ತಾರೆ. ಉತ್ತರ ಸಿಕ್ಕ ಮೇಲೆ ಐದು ನಿಮಿಷ ತೊಲೆ ನೋಡುತ್ತಾ ಕೂರುತ್ತಾರೆ. ಮನೆಯವರೂ ತೊಲೆ ನೋಡುತ್ತಾರೆ.

ಕಟಾಫ್ ಮಾವ ಊರಿಗೊಬ್ಬರಂತೆ ಇದ್ದಾರೆ. ಹೊಳೆನರಸೀಪುರದಲ್ಲಿ ಅವರು ನಿವೃತ್ತ ಮೇಷ್ಟ್ರು, ಅರಕಲಗೂಡಿನಲ್ಲಿ ಗೊಬ್ಬರದಂಗಡಿ ಯಜಮಾನರು, ಚನ್ನರಾಯಪಟ್ಟಣದಲ್ಲಿ ಎಲ್‌ಐಸಿ ಏಜೆಂಟು. ದುದ್ದದ ಮಾವ ಆಲೂಗೆಡ್ಡೆ ಬೆಳೆಯುತ್ತಾರೆ. ನೀಟ್ ಪ್ರಶ್ನೆಪತ್ರಿಕೆಯನ್ನು ಅವರು ಕಣ್ಣಿಂದಲೂ ಕಂಡವರಲ್ಲ. ಅವರ ಅರ್ಹತೆ ಒಂದೇ: ತಂಗಿ ಮಗನಿಗೆ ಹಾಸನದ ಮೆಡಿಕಲ್ ಕಾಲೇಜು ಹಿಮ್ಸ್‌ನಲ್ಲಿ ಸೀಟು ಸಿಕ್ಕಿತ್ತು. ಹುಡುಗ ಎರಡು ವರ್ಷ ಮೂಡುಬಿದಿರೆಯ ಹಾಸ್ಟೆಲಿನಲ್ಲಿ ನಿದ್ದೆಗೆಟ್ಟು ಓದಿದ್ದು ಆಮೇಲಿನ ಮಾತು. "ಓದೋರು ಬೇಕಾದಷ್ಟು ಜನ ಅವ್ರೆ. ಆಪ್ಷನ್ ಹಾಕ್ಸಿದ್ದು ಯಾರು, ಅದನ್ನೇಳಿ!"

ಜಲಂಧರದಿಂದ ಬಂದ ಬಿತ್ತನೆ ಗೆಡ್ಡೆಯ ಮೂಟೆಗಳನ್ನು ಹಾಸನದ ಎಪಿಎಂಸಿಯಲ್ಲಿ ಒತ್ತಿ, ಮೂಸಿ, ಕಣ್ಣೆಣಿಸಿ ಆರಿಸುವ ಗತ್ತಿನಲ್ಲೇ ಅವರು ಮೆಡಿಕಲ್ ಕಾಲೇಜುಗಳನ್ನೂ ಆರಿಸುತ್ತಾರೆ. ಆರಿಸಿ ತಂದ ಗೆಡ್ಡೆಗೂ ಅಂಗಮಾರಿ ಬಿದ್ದ ವರ್ಷಗಳುಂಟು. ಆ ಪ್ರಸ್ತಾಪವನ್ನು ಯಾರೂ ಎತ್ತುವುದಿಲ್ಲ.

ಮಾವನ ಪಟ್ಟಿಯಲ್ಲಿ ಮೂರು ಕಟ್ಟು: ಆಸೆ, ಅಂದಾಜು, ಆಧಾರ. ಆಸೆಯ ಕಟ್ಟಿನಲ್ಲಿ 1955ರ ಬೆಂಗಳೂರು ಮೆಡಿಕಲ್ ಕಾಲೇಜು, 1924ರಷ್ಟು ಹಳೆಯ ಮೈಸೂರು ಮೆಡಿಕಲ್ ಕಾಲೇಜು. ಅಂದಾಜಿನ ಕಟ್ಟಿನಲ್ಲಿ 2006ರಲ್ಲಿ ಹುಟ್ಟಿದ ಹಾಸನ, ಮಂಡ್ಯ, ಹತ್ತು ವರ್ಷ ಕಿರಿಯವಾದ ಮಡಿಕೇರಿ, ಚಾಮರಾಜನಗರ, ಆಮೇಲೆ ಬಂದ ಚಿಕ್ಕಮಗಳೂರು. ಆಧಾರದ ಕಟ್ಟು ಮಾತ್ರ ಪೂರ್ತಿ ಹಾಸನದ್ದು: ತಣ್ಣೀರುಹಳ್ಳದ ಆಯುರ್ವೇದ ಕಾಲೇಜು, ಪಶುವೈದ್ಯಕೀಯ ಕಾಲೇಜು, ಕಾರೇಕೆರೆಯ ಕೃಷಿ ಕಾಲೇಜು.

"ಮಾವ, ನಾನು ಕೇಳಿದ್ದು ಎಂಬಿಬಿಎಸ್ಸು."

"ಹಸೂಗೂ ಜ್ವರ ಬತ್ತದೆ ಕಣವ್ವಾ."

ನಕ್ಕುಬಿಡಬಹುದು. ಆದರೆ ಈ ಮೂರನೇ ಕಟ್ಟಿನ ವಿಷಯದಲ್ಲಿ ಮಾವನನ್ನು ಮೀರಿಸುವವರಿಲ್ಲ. ಪಶುವೈದ್ಯಕೀಯಕ್ಕೂ ಕೃಷಿಗೂ ನೀಟ್ ಅಂಕ ಸಾಲದು, ಸಿಇಟಿ ಬರೆದಿರಬೇಕು. ರೈತರ ಮಕ್ಕಳ ಕೋಟಾ ಬೇಕಿದ್ದರೆ ಪ್ರಾಯೋಗಿಕ ಪರೀಕ್ಷೆ ಬೇರೆ. ಹುಡುಗಿ ಜೀವಕೋಶದೊಳಗೆ ಮುಳುಗಿದ್ದಾಗ ಅವಳ ತಲೆ ತಿಂದು ಸಿಇಟಿ ಅರ್ಜಿ ಹಾಕಿಸಿದ್ದು, ಮನೆಯ ಪಹಣಿ ಹುಡುಕಿಸಿದ್ದು, ಜಾತಿ ಪ್ರಮಾಣಪತ್ರದ ಆರ್‌ಡಿ ನಂಬರನ್ನು ಬಾಯಿಪಾಠ ಮಾಡಿಸಿದ್ದು ಇವರೇ.

ಎಡವಟ್ಟು ಶುರುವಾಗುವುದು ಲೆಕ್ಕಕ್ಕೆ ಕೂತಾಗ. ಮಾವ ನಂಬುವುದು ಅಂಕವನ್ನು. 2024ರಲ್ಲಿ ಮೊದಲು 67 ಮಂದಿಗೆ 720ಕ್ಕೆ 720 ಬಂದು, ಪ್ರಕರಣ ಕೋರ್ಟು ಹತ್ತಿ, ಪರಿಷ್ಕೃತ ಫಲಿತಾಂಶದಲ್ಲಿ ಆ ಸಂಖ್ಯೆ 17ಕ್ಕಿಳಿಯಿತು. ಮರುವರ್ಷ ಫಿಸಿಕ್ಸ್ ಎಷ್ಟು ಕಷ್ಟವಾಯಿತೆಂದರೆ ದೇಶಕ್ಕೇ ಮೊದಲು ಬಂದವರ ಅಂಕ 686. ಮಾವ 2024ರ ಜೆರಾಕ್ಸನ್ನು 2025ರ ಮಕ್ಕಳ ಮುಂದೆ ಹಿಡಿದು, ಒಂದೇ ಸಂಜೆ ನಾಲ್ಕು ಮನೆಯಲ್ಲಿ ಸೂತಕ ಮಾಡಿಸಿದರು. "ಈ ಮಾರ್ಕ್ಸಿಗೆ ಹೋಮಿಯೋಪತೀನೂ ಕಷ್ಟ." ಅಂಕ ಬಿಟ್ಟು ರ‍್ಯಾಂಕ್ ನೋಡಬೇಕು ಎಂದು ಹುಡುಗಿ ಹೇಳಿದಾಗ, "ಎರಡೂ ನಂಬರೇ ಅಲ್ವೇನವ್ವಾ" ಎಂದರು.

ಇನ್ನು ಫೀಜು. ಒಂದೇ ಖಾಸಗಿ ಕಾಲೇಜು ಆಪ್ಷನ್ ಪಟ್ಟಿಯಲ್ಲಿ ಬೇರೆಬೇರೆ ವೇಷದಲ್ಲಿ ಬಂದು ನಿಲ್ಲುತ್ತದೆ. ಸರ್ಕಾರಿ ಕೋಟಾದ ಸೀಟಾದರೆ ವರ್ಷಕ್ಕೆ ಒಂದೂವರೆ ಲಕ್ಷದ ಆಸುಪಾಸು, ಪ್ರೈವೇಟ್ ಸೀಟಾದರೆ ಹತ್ತು ಲಕ್ಷದ ಮೇಲೆ, ಎನ್‌ಆರ್‌ಐ ಸೀಟಿನ ಮಾತು ದುದ್ದದಲ್ಲಿ ಬೇಡ. ಸರ್ಕಾರಿ ಕಾಲೇಜಿನಲ್ಲಾದರೆ ಅರವತ್ತು ಸಾವಿರದ ಸುತ್ತಮುತ್ತ. ಬಿ.ಜಿ. ನಗರದ ಆದಿಚುಂಚನಗಿರಿ ಕಾಲೇಜು ಬಸ್ಸಿಗೆ ಹತ್ತಿರ ಎಂದು ಮಾವ ಎರಡು ಸಾಲಿಗೂ ನಂಬರ್ ಹಾಕಿಸಿದ್ದರು. ಸೈಬರ್ ಸೆಂಟರಿನ ಹುಡುಗ ಫೀಜು ಓದಿ ಹೇಳಿದಾಗ ಅಪ್ಪ ಮನಸ್ಸಿನಲ್ಲೇ ಕೆರೆ ಪಕ್ಕದ ಗದ್ದೆ ಮಾರಿ, ಸಾಲದೆಂದು ತೋಟಕ್ಕೆ ಕೈ ಹಾಕಿದ್ದರು. ಮೈಸೂರಿನ ಜೆಎಸ್ಎಸ್ ಎಲ್ಲಿ ಎಂದು ಮಾವ ಪಟ್ಟಿಯಿಡೀ ಹುಡುಕಿದ್ದೂ ಅವತ್ತೇ. ಅದು ಡೀಮ್ಡ್ ವಿಶ್ವವಿದ್ಯಾಲಯ, ಸೀಟು ಹಂಚುವುದು ದೆಹಲಿಯ ಎಂಸಿಸಿ ಎಂಬ ಸಮಿತಿ ಎಂದು ತಿಳಿದಾಗ, "ಮೈಸೂರಲ್ಲಿರೋ ಕಾಲೇಜಿಗೆ ದಿಲ್ಲಿಯೋರ್ನ ಕೇಳ್ಬೇಕಾ!" ಎಂದು ಕನ್ನಡಾಭಿಮಾನ ಉಕ್ಕಿ ಬಂತು. ರಾಯಚೂರು, ಕೊಪ್ಪಳ ಸುಲಭ ಎಂದೂ ಅವರ ನಂಬಿಕೆ. ಸಂವಿಧಾನದ 371(ಜೆ) ವಿಧಿಯ ಪ್ರಕಾರ ಆ ಊರುಗಳಿರುವ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ನೂರಕ್ಕೆ ಎಪ್ಪತ್ತು ಸೀಟು ಅಲ್ಲಿನವರಿಗೇ ಮೀಸಲು ಎನ್ನುವುದು ಅವರ ಫೈಲಿನಲ್ಲಿಲ್ಲ.

ನಡುವೆ ನ್ಯೂಜೆರ್ಸಿಯಿಂದ ಷಡ್ಡಕನ ಮಗನ ಫೋನು. ಅವನ ಮಗಳೂ ಡಾಕ್ಟರಾಗುವವಳೇ, ಅಲ್ಲಿಯೂ ಕಾಲೇಜು ಪಟ್ಟಿಯ ತಲೆನೋವು. ಆದರೆ ಅಲ್ಲಿ ಮೊದಲು ನಾಲ್ಕು ವರ್ಷ ಯಾವುದಾದರೂ ಡಿಗ್ರಿ, ಆಮೇಲೆ ಎಂಕ್ಯಾಟ್ ಎಂಬ ಪರೀಕ್ಷೆ, ಅದಾದ ಮೇಲೆ ಮೆಡಿಕಲ್ ನಾಲ್ಕು ವರ್ಷ. ಮಾವ ಮರುಗಿದರು. "ನಮ್ಮುಡುಗಿ ನಾಕೂವರೆ ವರ್ಷ ಓದಿ, ಒಂದ್ವರ್ಷ ಹೌಸ್‌ಸರ್ಜನ್ಸಿ ಮುಗ್ಸಿ ಸೂಜಿ ಚುಚ್ತಾ ಇರ್ತಾಳೆ. ನಿಮ್ಮೋಳು ಆಗ ಮೆಡಿಕಲ್ ಎರಡ್ನೇ ವರ್ಷ! ಊರಿಗೆ ಕರ್ಕೊಂಡ್ ಬಾರ್ಲಾ."

ಮಾವನ ನಿಜವಾದ ಸಿದ್ಧಾಂತ ಇರುವುದು ಆಪ್ಷನ್‌ಗಳ ಕ್ರಮದಲ್ಲಿ. ಮೇಲಿನ ಸಾಲಿಗೆ ದೊಡ್ಡ ಕಾಲೇಜು ಹಾಕಿದರೆ ಕಂಪ್ಯೂಟರಿಗೆ ಇವರದು ದುರಾಸೆ ಅನ್ನಿಸುತ್ತದೆಯಂತೆ. ಆದ್ದರಿಂದ ಒಂದನೇ ಆಪ್ಷನ್ ಚಾಮರಾಜನಗರ, ಎರಡು ಮಡಿಕೇರಿ, ಮೂರು ಮಂಡ್ಯ. ಮೈಸೂರು ಹದಿನೆಂಟನೆಯ ಸಾಲಿನಲ್ಲಿ, ತಲೆ ತಗ್ಗಿಸಿಕೊಂಡು. ಪರೀಕ್ಷಾ ಪ್ರಾಧಿಕಾರದ ಕಂಪ್ಯೂಟರಿಗೆ ಇಂಥ ಸಂಕೋಚ ಗೊತ್ತಿಲ್ಲ. ರ‍್ಯಾಂಕ್ ಪ್ರಕಾರ ಸರದಿ ಬಂದಾಗ ಅದು ಪಟ್ಟಿಯ ಮೇಲಿಂದ ಕೆಳಗೆ ಇಳಿಯುತ್ತಾ, ಮೊದಲು ಖಾಲಿ ಕಂಡ ಸೀಟನ್ನು ಕೊಟ್ಟು ಮುಂದೆ ಹೋಗುತ್ತದೆ. ಮೇಲಿನ ಹತ್ತು ತಪ್ಪಿದರೂ ಹನ್ನೊಂದನೆಯದರ ಮೇಲಿನ ಹಕ್ಕು ಕೂದಲಷ್ಟೂ ಕಮ್ಮಿಯಾಗದು. ಬೇಕಾದದ್ದನ್ನು ಕೆಳಗೆ ಬರೆದವರು ಮಾತ್ರ ಕೆಡುತ್ತಾರೆ.

ಅಣಕು ಹಂಚಿಕೆ ಬಂತು: ಚಾಮರಾಜನಗರ. ಮಾವ ಅದನ್ನೇ ನಿಜವೆಂದು ನಂಬಿ ಹಂಚಿದ ಮೈಸೂರುಪಾಕು ಊರ ಬಾಗಿಲು ದಾಟಿತು. ಹುಡುಗಿ ಏನೂ ಮಾತಾಡದೆ, ರಾತ್ರಿ ಒಟಿಪಿ ತರಿಸಿಕೊಂಡು ಇಡೀ ಪಟ್ಟಿಯನ್ನು ತನಗೆ ಬೇಕಾದ ಕ್ರಮಕ್ಕೆ ತಿರುಗಿಸಿಟ್ಟಳು: ಮೈಸೂರು, ಹಾಸನ, ಮಂಡ್ಯ.

ಮೊದಲ ಸುತ್ತಿನಲ್ಲಿ ಮಂಡ್ಯ ಸಿಕ್ಕಿತು.

"ಮೂರನೇ ಆಪ್ಷನ್ ಮಂಡ್ಯ ಅಂತ ಹಾಕ್ಸಿದ್ದು ಯಾರು?" ಎಂದು ಮಾವ ಬಸ್‌ಸ್ಟ್ಯಾಂಡಿನಲ್ಲಿ ಕೇಳುತ್ತಿದ್ದರು. ಸಾಲು ಮೂರನೆಯದೇ ಆಗಿದ್ದರಿಂದ ಹುಡುಗಿಗೂ ಅಲ್ಲಗಳೆಯುವ ದಾರಿಯಿರಲಿಲ್ಲ.

ಆಮೇಲೆ ಛಾಯ್ಸ್. ಒಂದು ಒತ್ತಿದರೆ ಸೀಟು ಒಪ್ಪಿ ಸೇರುವುದು, ಎರಡು ಒತ್ತಿದರೆ ಸೀಟು ಇಟ್ಟುಕೊಂಡೇ ಮೇಲಿನದಕ್ಕೆ ಕಾಯುವುದು, ಮೂರು ಒತ್ತಿದರೆ ಸಿಕ್ಕಿದ್ದು ಬಿಟ್ಟು ಮುಂದಿನ ಸುತ್ತಿಗೆ, ನಾಲ್ಕೆಂದರೆ ಮನೆಗೆ. ಮಾವ ಎಲ್ಲರಿಗೂ ಎರಡನ್ನೇ ಒತ್ತಿಸುತ್ತಾರೆ. ಮೂರು ಒತ್ತಿದವರನ್ನು ಮದುವೆಗೂ ಕರೆಯುವುದಿಲ್ಲ.

ಸೀಟಿನ ಗಲಾಟೆ ಮುಗಿದರೂ ಮಾವನಿಗೆ ಬಿಡುವಿಲ್ಲ. ಪಕ್ಕದ ಮನೆಯವರು ಮಗನ ಓದಿಗೆಂದು ಹಾಸನದಲ್ಲಿ ಬಾಡಿಗೆ ಮನೆ ನೋಡುತ್ತಿದ್ದಾರೆಂಬ ಸುದ್ದಿ ಬಂದಿದೆ. ಒಂದರಿಂದ ಹತ್ತರವರೆಗೆ ಹಳ್ಳಿ ಕಡೆ ಓದಿದವರಿಗೆ ನೂರಕ್ಕೆ ಹದಿನೈದು ಗ್ರಾಮೀಣ ಮೀಸಲಾತಿ. ಒಂದು ವರ್ಷ ಪೇಟೆಯಲ್ಲಿ ಓದಿದರೂ ಅದು ಹೋಯಿತು. ಮಾವ ಅವರ ಜಗಲಿ ಹತ್ತಿದರು.

"ಹೋಗೋದಾದ್ರೆ ಹೋಗಿ. ಆಮೇಲೆ ಬಿಇಒ ಸೈನು ಅಂತ ನನ್ ತಾವ ಬರ್ಬೇಡಿ."

"ಅಣ್ಣಾ, ಅವ್ನಿನ್ನೂ ಎರಡ್ನೇ ಕ್ಲಾಸು. ಇಂಜೆಕ್ಷನ್ ಕಂಡ್ರೆ ಓಡೋಗ್ತಾನೆ."

"ಓಡ್ಲಿ ಬುಡು," ಎಂದರು ಮಾವ. "ದುದ್ದದೊಳಗೇ ಓಡ್ಲಿ."