ಚೆಕ್ಕುಬಂದಿ ಇಲ್ಲದ ಮಕ್ಕಳು: ಅರಳಿಕಟ್ಟೆ ಯಜಮಾನರಿಗೊಂದು ಬಹಿರಂಗ ಪತ್ರ

ಸನ್ಮಾನ್ಯ ಯಜಮಾನರೇ,

ಶೀಳನೆರೆಯ ಹಳೇ ಪತ್ರ ಬರಹಗಾರನ ನಮಸ್ಕಾರಗಳು. ಕೆ.ಆರ್. ಪೇಟೆಯಲ್ಲಿ ಕೂತು ಕ್ರಯಪತ್ರ, ವಿಭಾಗಪತ್ರ, ಪೋಡಿ ಅರ್ಜಿ ಅಂತ ಬರೆದೂ ಬರೆದೂ ಬೆರಳು ಸವೆಸಿದವನು ನಾನು. ಗಂಡ ಹೆಂಡತಿ ಬೇರೆಯಾದಾಗ ತಾವು ಕಟ್ಟೆ ಮೇಲೆ ಮಾಡಿದ ತೀರ್ಮಾನಗಳನ್ನು ಛಾಪಾ ಕಾಗದಕ್ಕೆ ಇಳಿಸಿದವನೂ ನಾನೇ. “ಹೈದ ನಮ್ ಮನೆ ಕುಡಿ, ಇಲ್ಲೇ ಇರ್ಲಿ. ಹೆಣ್ಕೂಸು ಅವ್ಳ ಜೊತೆ ಹೋಗ್ಲಿ” ಎಂದು ತಾವು ಎಲೆ ಅಡಿಕೆ ಜಗಿಯುತ್ತಾ ಹೇಳಿದ್ದನ್ನು, ನಾಲೆ ಬದಿಯ ಗದ್ದೆ ಅಣ್ಣನಿಗೆ, ಮೇಲಿನ ಹೊಲ ತಮ್ಮನಿಗೆ ಎಂದು ಬರೆಯುವ ಅದೇ ಕೈಬರಹದಲ್ಲಿ ಬರೆದುಕೊಟ್ಟೆ. ನಾಲ್ಕು ದಿಕ್ಕಿನ ಚೆಕ್ಕುಬಂದಿ ಬರೆಯಲಿಲ್ಲ, ಅಷ್ಟೇ ವ್ಯತ್ಯಾಸ.

ತಮ್ಮ ಕಾನೂನು ಜ್ಞಾನದ ಮೇಲೆ ನನಗೆ ಅಪಾರ ಗೌರವ. ಯಾರ ಅನುಭವದಲ್ಲಿದೆಯೋ ಅವರದೇ ಜಮೀನು ಎಂಬುದು ತಮಗೆ ಹುಟ್ಟಿನಿಂದ ಗೊತ್ತು. ಅದಕ್ಕೇ ಸೊಸೆ ತವರಿಗೆ ಹೊರಟ ದಿನ, ಬಟ್ಟೆಬರೆ ಕೊಟ್ಟು ಕಳಿಸಿ, ಕೂಸು ಮಾತ್ರ ಬಿಡಬೇಡಿ ಎಂದು ಹಿತ ನುಡಿಯುತ್ತೀರಿ. ಜಮೀನಿಗಾದರೂ ಹಕ್ಕು ಕೇಳಲು ಹನ್ನೆರಡು ವರ್ಷದ ಪ್ರತಿಕೂಲ ಸ್ವಾಧೀನ ಬೇಕು. ಮಗುವಿಗೆ ತಮ್ಮ ಲೆಕ್ಕದಲ್ಲಿ ಹನ್ನೆರಡು ದಿನ ಸಾಕು.

ಈ ಸೂಕ್ಷ್ಮ ಕೋರ್ಟಿಗೆ ಮಾತ್ರ ತಿಳಿಯದು, ಪಾಪ. 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯ 12ನೇ ಕಲಂ ಹಿಡಿದು, ಮುಖ್ಯ ಅರ್ಜಿ ಇತ್ಯರ್ಥವಾಗುವ ಮೊದಲೇ ಮಗುವನ್ನು ಹಾಜರುಪಡಿಸಿ ಎನ್ನುತ್ತದೆ. ಸದ್ಯಕ್ಕೆ ಇಂಥವರ ಬಳಿ ಇರಲಿ ಎಂದು ಆದೇಶಿಸುತ್ತದೆ. ವಿಚ್ಛೇದನದ ಕೇಸಿದ್ದರೆ ಹಿಂದೂ ವಿವಾಹ ಕಾಯ್ದೆಯ 26ನೇ ಕಲಮಿನಲ್ಲೂ ಮಧ್ಯಂತರ ಆದೇಶಕ್ಕೆ ದಾರಿಯಿದೆ. ಐದು ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಎನ್ನುತ್ತದೆ 1956ರ ಕಾನೂನು. 2015ರಲ್ಲಿ ಗೋವಾದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ಅಂಥ ಮಗುವಿನ ಮಧ್ಯಂತರ ಸುಪರ್ದಿಯನ್ನು ತಾಯಿಗೆ ಕೊಟ್ಟು, ಆಕೆ ತಕ್ಕವಳಲ್ಲ ಎಂದು ತೋರಿಸುವ ಹೊಣೆ ತಂದೆಯದು ಎಂದಿತು. ನೋಡಿ, ಯೋಗ್ಯತೆಗೆ ಸಾಕ್ಷಿ ತರಬೇಕಾದವಳು ತಾಯಿಯಲ್ಲವಂತೆ! ನಮ್ಮ ಕಟ್ಟೆಯಲ್ಲಿ ಅವಳಿಗೆ ಕೂರಲೂ ಜಾಗವಿರಲಿಲ್ಲ.

ನಮ್ಮ ಹೈಕೋರ್ಟಂತೂ 2013ರಲ್ಲಿ ಹನ್ನೆರಡು ವರ್ಷದ ಹುಡುಗನೊಬ್ಬನನ್ನು ಜನವರಿಯಿಂದ ಜೂನ್‌ವರೆಗೆ ತಂದೆಗೆ, ಜುಲೈಯಿಂದ ಡಿಸೆಂಬರ್‌ವರೆಗೆ ತಾಯಿಗೆ ಎಂದು ಜಂಟಿ ಸುಪರ್ದಿಗೆ ಒಪ್ಪಿಸಿತು. ಹೇಮಾವತಿ ನಾಲೆಯ ನೀರಿನ ಸರದಿ ಇದ್ದ ಹಾಗಿದೆಯಲ್ಲ ಎಂದು ನಾನೂ ನಕ್ಕಿದ್ದೆ. ಆದರೆ ಸರದಿ ಇಲ್ಲದವರು ಶನಿವಾರ ಭಾನುವಾರ ಹುಡುಗನನ್ನು ನೋಡಬಹುದು, ಅವನು ಫೋನಿನಲ್ಲಿ ಮಾತಾಡಬಹುದು ಎಂದೂ ಅದರಲ್ಲಿತ್ತು. ನನ್ನ ಛಾಪಾ ಕಾಗದಗಳಲ್ಲಿ ಭೇಟಿ ಎಂಬ ಪದವೇ ಬಂದಿಲ್ಲ. ತಾವೂ ಹೇಳಲಿಲ್ಲ, ನನಗೂ ಹೊಳೆಯಲಿಲ್ಲ.

ಇಷ್ಟಾದರೂ ಕೊನೆಗೆ ಗೆಲ್ಲುವವರು ತಾವೇ. ತಾತ್ಕಾಲಿಕ ಎಂಬ ಪದಕ್ಕೆ ನಮ್ಮ ಕಡೆ ಇರುವ ಆಯುಸ್ಸು ಕೋರ್ಟಿಗೂ ಅಂಟಿದೆ. ವಾಯಿದೆ ಮೇಲೆ ವಾಯಿದೆ ಬಿದ್ದು, ಮೂರು ವರ್ಷದ ಕೂಸು ಏಳಕ್ಕೆ ಬಂದಿರುತ್ತದೆ. ಅದೇ ಶಾಲೆ, ಅದೇ ಅಜ್ಜಿಯ ಮಡಿಲು ಒಗ್ಗಿಹೋಗಿರುತ್ತದೆ. ಒಗ್ಗಿದ ಮಗುವನ್ನು ಕದಲಿಸಲು ಯಾವ ನ್ಯಾಯಾಧೀಶರಿಗಾದರೂ ಕೈ ಬರುವುದು ಕಷ್ಟ. ಬಲ್ಲ ವಕೀಲರು ದಾವೆಯ ಜೊತೆಗೇ ಐ.ಎ., ಅಂದರೆ ಮಧ್ಯಂತರ ಅರ್ಜಿ, ಹಾಕಿಸುವುದು ಇದಕ್ಕೇ. ಸುಪರ್ದಿಯ ಆದೇಶ ಯಾವುದೂ ಕೊನೆಯದಲ್ಲ, ಸಂದರ್ಭ ಬದಲಾದರೆ ತಿದ್ದಬಹುದು ಎಂದು 1973ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ, ನಿಜ. ತಿದ್ದಿಸಲು ಮತ್ತೆ ಅರ್ಜಿ, ಮತ್ತೆ ವಾಯಿದೆ.

ಮೊನ್ನೆ ಒಬ್ಬ ಹುಡುಗ ಮನೆಗೆ ಬಂದಿದ್ದ. ಮೀಸೆ ಮೂಡಿದೆ. ತನ್ನಪ್ಪ ಅಮ್ಮ ಬೇರೆಯಾದಾಗ ನಾನು ಬರೆದ ಕರಾರಿನ ನಕಲು ಬೇಕಂತೆ. ತಾಯಿ ತಂಗಿಯನ್ನು ಕರೆದುಕೊಂಡು ಬೆಂಗಳೂರಿಗೆ ಗಾರ್ಮೆಂಟ್ಸ್ ಕೆಲಸಕ್ಕೆ ಹೋದವಳು ಮನೆ ಬದಲಿಸುತ್ತಾ ಹೋಗಿದ್ದಾಳೆ. ತಂಗಿ ಎಲ್ಲಿರಬೇಕು ಅಂತ ಅದರಲ್ಲಿ ಬರೆದಿದೆಯಾ ಎಂದು ಕೇಳಿದ. ಹಳೇ ಪೆಟ್ಟಿಗೆ ತೆಗೆದು ಓದಿ ತೋರಿಸಿದೆ. ಬರೆದಿರಲಿಲ್ಲ.

ಚೆಕ್ಕುಬಂದಿ ಹೇಳಬೇಕಾದವರು ತಾವು. ಅವನನ್ನು ಕಟ್ಟೆ ಕಡೆಗೇ ಕಳಿಸಿದ್ದೇನೆ.

ಇಂತಿ ತಮ್ಮ ವಿಧೇಯ,
ಹಳೇ ಪತ್ರ ಬರಹಗಾರ, ಶೀಳನೆರೆ